ಕದ್ದ ಎತ್ತಿಗೆ ಕಾನೂನುಂಟು, ಕದ್ದ ಗುಡ್ಡಕ್ಕೆ?



ದನದ ಜಾತ್ರೆಯಿಂದಲೇ ಮಾತು ಶುರು ಮಾಡೋಣ. ನೀವು ಒಂದು ಜೋಡಿ ಎತ್ತು ನೋಡ್ತೀರಿ. ಹಲ್ಲು ಎಣಿಸ್ತೀರಿ, ಸುಳಿ ನೋಡ್ತೀರಿ, ನಾಲ್ಕು ಹೆಜ್ಜೆ ನಡೆಸಿ ಕಾಲು ಕುಂಟೋ ಹೇಗೆ ಅಂತ ಪರೀಕ್ಷೆ ಮಾಡ್ತೀರಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರುತ್ತದೆ. ಆಮೇಲೆ ಏನು ಕೇಳ್ತೀರಿ? ಚೀಟಿ ಕೇಳ್ತೀರಿ. ಯಾವ ಊರು, ಯಾರ ಮಗ, ಎತ್ತು ಮನೆಯದೋ ಕೊಂಡದ್ದೋ. ಯಾಕೆಂದರೆ ಆ ಎತ್ತು ಕದ್ದದ್ದಾಗಿದ್ದರೆ ನಾಳೆ ಪೊಲೀಸರು ಬಂದು ನಿಲ್ಲುವುದು ಕದ್ದವನ ಮನೆ ಮುಂದೆ ಅಲ್ಲ, ನಿಮ್ಮ ಕೊಟ್ಟಿಗೆ ಮುಂದೆ. ಕಳವಿನ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ, ಗೊತ್ತಾಗಲು ಕಾರಣವಿದ್ದೂ ಕಣ್ಣು ಮುಚ್ಚಿಕೊಂಡು ಕೊಂಡವನಿಗೆ ಮೂರು ವರ್ಷದವರೆಗೆ ಜೈಲು ಅಂತ ಹಳೇ ದಂಡ ಸಂಹಿತೆಯ 411ನೇ ಕಲಂ ಹೇಳುತ್ತಿತ್ತು. 2024ರ ಜುಲೈನಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಅದು 317 ಅಂತ ಬೇರೆ ನಂಬರು ಹೊತ್ತು ಕೂತಿದೆ. ಇನ್ನೊಂದು ಮಾತೂ ಅದರಲ್ಲಿದೆ: ಕಳವಾಗಿದ್ದು ಭಾರತದೊಳಗೋ ಹೊರಗೋ, ಮಾಲು ಕೈ ಬದಲಾದದ್ದು ಎಲ್ಲೋ, ಅದರಿಂದ ವ್ಯತ್ಯಾಸವಿಲ್ಲ. ಕದ್ದ ಮಾಲು ಕದ್ದ ಮಾಲೇ.

ಇದು ಎತ್ತಿನ ಮಾತಾಯಿತು. ಈಗ ಹೇಳಿ, ಗುಡ್ಡ ಕದ್ದರೆ?

ನಮ್ಮ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಗುಡ್ಡ ಕದ್ದರು. ಲಾರಿಗೆ ತುಂಬಿ, ಘಟ್ಟ ಇಳಿಸಿ, ಹಡಗಿಗೆ ಹಾಕಿ ಸಮುದ್ರ ದಾಟಿಸಿದರು. ಕದ್ದವರ ಮೇಲೆ ಕೇಸುಗಳಾದವು, ಜೈಲಾಯಿತು, ಜಾಮೀನಾಯಿತು, ಚುನಾವಣೆಯೂ ಆಯಿತು. ಆದರೆ ಕೊಂಡವನು? ಆ ದಡದಲ್ಲಿ ನಿಂತು ಮಾಲು ಇಳಿಸಿಕೊಂಡವನನ್ನು ‘ಚೀಟಿ ಎಲ್ಲಪ್ಪಾ’ ಅಂತ ಯಾರಾದರೂ ಕೇಳಿದರೇನು? ಈ ಸಲ ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ ಇದೇ.

ಬೆಲೆಯ ವಿಚಾರ ಬರೆಯುವ ಪತ್ರಿಕೆಯಲ್ಲಿ ಅದಿರಿನ ಕಥೆ ಯಾಕೆ ಅಂತ ಕೆಲವರು ಕೇಳಬಹುದು. ಬೆಲೆಯಿಂದಲೇ ಹೇಳುತ್ತೇನೆ. ಬಳ್ಳಾರಿಯ ಅದಿರಿನಲ್ಲಿ ಗಟ್ಟಿ ಕಲ್ಲು ಒಂದು ಜಾತಿ, ಪುಡಿ ಇನ್ನೊಂದು ಜಾತಿ. ಪುಡಿಗೆ ಮೊದಲು ಗಿರಾಕಿಯೇ ಇರಲಿಲ್ಲ. ಗಣಿಯವರು ಗುಡ್ಡದ ಪಕ್ಕದಲ್ಲೇ ರಾಶಿ ಸುರಿದು ಬಿಡುತ್ತಿದ್ದರು. 2000ದ ನಂತರ ಚೀನ ದೇಶ ಉಕ್ಕಿನ ಕಾರ್ಖಾನೆಗಳನ್ನು ಎಡೆಬಿಡದೆ ಕಟ್ಟಿತು, 2008ರ ಒಲಿಂಪಿಕ್ಸಿಗೆ ಪೇಕಿಂಗಿನಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದವು. ಕಸ ಅಂತ ಬಿಸಾಕಿದ ಪುಡಿಗೆ ಬಂಗಾರದ ಬೆಲೆ ಬಂತು. 2008ರ ಆರಂಭದಲ್ಲಿ ಒಳ್ಳೇ ಅದಿರು ಚೀನದ ಬಂದರಿನಲ್ಲಿ ಟನ್ನಿಗೆ 150 ಡಾಲರು ದಾಟಿ ಮಾರುತ್ತಿತ್ತು. ಆಗ ನಮ್ಮ ಘನ ಸರ್ಕಾರಕ್ಕೆ ಒಂದು ಟನ್ನಿಗೆ ಬರುತ್ತಿದ್ದ ರಾಜಧನ ಎಷ್ಟು ಗೊತ್ತೇನ್ರೀ? ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೆ 27 ರೂಪಾಯಿ. ಪುಡಿಗೆ ಅದೂ ಇಲ್ಲ, 19 ರೂಪಾಯಿ ಮೇಲ್ಮಿತಿ. ಅದೇ 2007-08ರಲ್ಲಿ ಭತ್ತಕ್ಕೆ ಬೆಂಬಲ ಬೆಲೆ ಬೋನಸ್ಸೂ ಸೇರಿ ಕ್ವಿಂಟಾಲಿಗೆ 745 ರೂಪಾಯಿ. ನೀವೇ ಲೆಕ್ಕ ಹಾಕಿ. ಒಂದು ಟನ್ ಗುಡ್ಡ ಹೋದರೆ ಸರ್ಕಾರಕ್ಕೆ ದಕ್ಕಿದ್ದು ಮೂರೂವರೆ ಕೆಜಿ ಭತ್ತದ ಹಣ! ನಮ್ಮ ಭತ್ತಕ್ಕೆ ಬೆಲೆ ಕಟ್ಟುವವರೂ ಡೆಲ್ಲಿಯವರೇ, ಗುಡ್ಡಕ್ಕೆ ಬೆಲೆ ಕಟ್ಟುವವರೂ ಅವರೇ. ಎರಡಕ್ಕೂ ಒಂದೇ ತಕ್ಕಡಿ. ರಾಜಧನವನ್ನು ಮಾರಾಟ ಬೆಲೆಯ ಶೇಕಡಾ 10 ಅಂತ ಬದಲಾಯಿಸಿದ್ದು 2009ರ ಆಗಸ್ಟಿನಲ್ಲಿ.

ಈ ನಡುವೆ ರಾಜ್ಯ ಸರ್ಕಾರ ಸುಮ್ಮನೆ ಇತ್ತೆ? 2003ರ ಮಾರ್ಚಿನಲ್ಲಿ ಒಂದು ಅಧಿಸೂಚನೆ ಹೊರಡಿಸಿ 11,620 ಚದರ ಕಿಲೋಮೀಟರು ಖನಿಜ ಪ್ರದೇಶವನ್ನು ಖಾಸಗಿಯವರಿಗೆ ಬಾಗಿಲು ತೆರೆಯಿತು. ಅಲ್ಲಿಂದ ಶುರುವಾಯಿತು ನೋಡಿ ಜಾತ್ರೆ. ಲೀಸು ಇದ್ದವರು ಗಡಿ ಕಲ್ಲು ಸರಿಸಿ ಪಕ್ಕದ ಅರಣ್ಯ ಅಗೆದರು. ಲೀಸು ಇಲ್ಲದವರು ಇದ್ದವರ ಹೆಸರಿನ ಪರ್ಮಿಟ್ಟಿನಲ್ಲಿ ಸಾಗಿಸಿದರು. ಆಂಧ್ರ ಕರ್ನಾಟಕಗಳ ಗಡಿಯ ಗುರುತೇ ಎಲ್ಲಿದೆ ಅಂತ ಸರ್ವೆಯವರು ಹುಡುಕುವ ಹಾಗಾಯಿತು. ಹೊಲದ ಬದುವಿನ ಮೇಲೆ ಒಂದು ಮೊಳ ಒತ್ತುವರಿ ಆದರೆ ಅಣ್ಣ ತಮ್ಮಂದಿರು ಕೊಡಲಿ ಹಿಡಿಯುವ ನಾಡಿನಲ್ಲಿ ಎರಡು ರಾಜ್ಯಗಳ ಗಡಿಯನ್ನೇ ಅಳಿಸಿ ಹಾಕಿದರು.

ಇದರಲ್ಲಿ ರೈತನ ಪಾಲು ಏನು? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಪೇಪರುಗಳಲ್ಲಿ ಹೆಲಿಕಾಪ್ಟರು, ಬಂಗಾರದ ಕುರ್ಚಿ, ರೆಸಾರ್ಟು ಇವೇ ತುಂಬಿಹೋಗಿ ಹೊಲದ ಸುದ್ದಿ ಮೂಲೆಗೆ ಬಿತ್ತು.

ಅದಿರು ಗುಡ್ಡದಲ್ಲಿ ಮಾತ್ರ ಇರಲಿಲ್ಲ. ಗುಡ್ಡದ ಬುಡದ ಪಟ್ಟಾ ಜಮೀನಿನ ಮೇಲ್ಮಣ್ಣಿನಲ್ಲಿ ಉರುಳಿ ಬಂದ ಕಲ್ಲಿತ್ತು. ಶೇಂಗಾ, ಜೋಳ ಬೆಳೆದು ಮೂರು ವರ್ಷ ಮಳೆ ಕೈಕೊಟ್ಟು ಸೊಸೈಟಿಯಲ್ಲಿ ಸಾಲ ನಿಂತ ರೈತನ ಹತ್ತಿರ ದಲ್ಲಾಳಿ ಬರುತ್ತಾನೆ. ಭೂಮಿ ನಿನ್ನದೇ ಇರಲಿ, ಮೇಲಿನ ಕಲ್ಲು ಮಾತ್ರ ನಮಗೆ ಕೊಡು, ಆರು ತಿಂಗಳಿಗೆ ವಾಪಸು ಅಂತಾನೆ. ಮುಂಗಡ ನೋಟು ಕೈಗೆ ಇಡ್ತಾನೆ. ಬೆಳೆಯಿಂದ ಹತ್ತು ವರ್ಷಕ್ಕೂ ಕಾಣದ ಹಣ ಅದು. ಒಪ್ಪಬೇಡ ಅಂತ ಹೇಳುವ ಧೈರ್ಯ ಯಾರಿಗಿತ್ತು? ನಮ್ಮ ಬೆಲೆ ಹೋರಾಟ ಆ ಹೊತ್ತಿಗೆ ಆ ಹೊಲಕ್ಕೆ ಬೆಲೆ ತಂದುಕೊಟ್ಟಿದ್ದರೆ ಅವನು ಒಪ್ಪುತ್ತಿರಲಿಲ್ಲ. ಜೆಸಿಬಿ ಬಂತು, ಎರಡಾಳು ಮೂರಾಳು ಆಳಕ್ಕೆ ತೋಡಿ ಹೋಯಿತು. ಮೇಲ್ಮಣ್ಣು ಹೋದ ಹೊಲ ಹೊಲವಲ್ಲ, ಅದು ಹಳ್ಳ. ಗೊಬ್ಬರ ಹಾಕಿ ಮಣ್ಣು ಮಾಡಲು ಆಗುವುದಿಲ್ಲ. ಮುಂಗಡದ ನೋಟು ಮದುವೆಗೆ, ಮನೆಗೆ, ಹಳೇ ಸಾಲಕ್ಕೆ ಕರಗಿಹೋಯಿತು.

ಇನ್ನು ಅಗೆಯದ ಹೊಲದವನ ಕಥೆ. ರಸ್ತೆ ಪಕ್ಕ ಇದ್ದನೋ, ಕೆಟ್ಟ. ಹದಿನಾರು ಟನ್ನಿನ ಲಾರಿಗೆ ಇಪ್ಪತ್ತೈದು ಮೂವತ್ತು ಟನ್ನು ಹೇರಿಕೊಂಡು ಹಗಲೂ ರಾತ್ರಿ ಓಡುವ ಸಾಲು. ಹತ್ತಿ ಅರಳಿದರೆ ಕೆಂಪು, ಮೆಣಸಿನ ಗಿಡದ ಎಲೆ ಕೆಂಪು, ಮೇವಿನ ಬಣವೆ ಕೆಂಪು, ಎಮ್ಮೆ ಮೈ ಕೆಂಪು. ಕೆಂಪು ಧೂಳು ಕೂತ ಹತ್ತಿಗೆ ದಲಾಲಿ ಅಂಗಡಿಯವನು ಬೆಲೆ ಮುರಿಯುತ್ತಾನೆ, ಅವನಿಗೂ ಅದೊಂದು ನೆವ. ಸಂಡೂರಿನ ತಾರಾನಗರದ ನಾರಿಹಳ್ಳ ಕೆರೆಗೆ ಗಣಿ ಹೂಳು ಹರಿದು ಬಂತು. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದದ್ದು 2016ರ ಅಳತೆಯಲ್ಲಿ ಸುಮಾರು 105.8 ಟಿಎಂಸಿಗೆ ಇಳಿದಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಆ ಹೂಳೆಲ್ಲ ಗಣಿಯದಲ್ಲ, ಮೇಲಿನ ಮಲೆನಾಡಿನ ಮಣ್ಣೂ ಅದರಲ್ಲಿದೆ, ನಾವೇ ಬೋರಾಡಿ ಉತ್ತ ಇಳಿಜಾರಿನ ಮಣ್ಣೂ ಇದೆ. ಆದರೆ ಕಾಲುವೆಯ ಕೊನೆ ಭಾಗದವನಿಗೆ ನೀರು ಬರದಿದ್ದಾಗ ಹೂಳು ಯಾರದು ಅಂತ ಭಾಗ ಮಾಡಿ ಕೊಡುವವರು ಯಾರು?

ಮೂರನೆಯವನು ಲಾರಿ ಕೊಂಡವನು. ಇವನನ್ನು ಬೈಯುವುದು ಸುಲಭ. ಎರಡೆಕರೆ ಮಾರಿ, ಹೆಂಡತಿ ಮೈಮೇಲಿನದನ್ನು ಒತ್ತೆ ಇಟ್ಟು, ಉಳಿದದ್ದು ಫೈನಾನ್ಸಿನವರಿಂದ ಎತ್ತಿ ಟಿಪ್ಪರು ಕೊಂಡ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಆಗಸ್ಟಿನಲ್ಲಿ ತುಮಕೂರು ಚಿತ್ರದುರ್ಗಕ್ಕೂ ಅದು ಬಂತು. ನಿಲ್ಲಿಸಿದ್ದು ಸರಿಯೇ, ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ. ಆದರೆ ಕೋರ್ಟಿನ ಆದೇಶ ಕಂತಿನ ತಾರೀಖನ್ನು ನಿಲ್ಲಿಸುವುದಿಲ್ಲವಲ್ಲ. ಟಿಪ್ಪರುಗಳು ಮನೆ ಮುಂದೆ ತುಕ್ಕು ಹಿಡಿದವು, ಇಲ್ಲವೆ ಫೈನಾನ್ಸಿನವರ ಅಂಗಳಕ್ಕೆ ಹೋದವು. ಭೂಮಿ ಹೋಯಿತು, ಲಾರಿಯೂ ಹೋಯಿತು, ಸಾಲ ಮಾತ್ರ ಉಳಿಯಿತು. ಗುಡ್ಡ ಮಾರಿದ ದೊಡ್ಡವರಲ್ಲಿ ಎಷ್ಟು ಜನರ ಮನೆ ಮುಂದೆ ಕಂತು ವಸೂಲಿಯವನು ನಿಂತಿದ್ದ? ಕೇಳಿ ನೋಡಿ.

ಈಗ ಬೇಲೇಕೇರಿಗೆ ಬನ್ನಿ. ಅಂಕೋಲಾ ತಾಲ್ಲೂಕಿನ ಸಣ್ಣ ಬಂದರು, ರಾಜ್ಯ ಸರ್ಕಾರದ್ದೇ. ಹೊಸಪೇಟೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದರೆ ಅಲ್ಲಿಗೆ. 2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆಯವರು ಅಲ್ಲಿ ಪರ್ಮಿಟ್ಟಿಲ್ಲದೆ ಬಂದ 8 ಲಕ್ಷ ಟನ್ನಿಗೂ ಮೇಲ್ಪಟ್ಟ ಅದಿರನ್ನು ಜಪ್ತಿ ಮಾಡಿದರು. ಜಪ್ತಿ ಮಾಡಿದ ಮಾಲು ಅಂದರೆ ಏನು? ಸರ್ಕಾರದ ವಶ. ನಿಮ್ಮ ಪಂಪ್‌ಸೆಟ್ಟು ಜಪ್ತಿ ಆದಾಗ ಅದರ ಒಂದು ಬೋಲ್ಟು ಬಿಚ್ಚಿದರೂ ನಿಮ್ಮ ಮೇಲೆ ಇನ್ನೊಂದು ಕೇಸು. ಇಲ್ಲಿ ಕೆಲವೇ ತಿಂಗಳಲ್ಲಿ 5 ಲಕ್ಷ ಟನ್ನಿಗೂ ಹೆಚ್ಚು ಮಾಲು ಜಾಗದಲ್ಲಿ ಇರಲಿಲ್ಲ. ಹಡಗು ಹತ್ತಿ ಹೋಗಿತ್ತು.

ಐದು ಲಕ್ಷ ಟನ್ನು ಅಂದರೆ ಕಣ್ಣಿಗೆ ಕಟ್ಟುವುದಿಲ್ಲ. ಹದಿನಾರು ಟನ್ನಿನಂತೆ ಭಾಗ ಮಾಡಿ: 31,250 ಲಾರಿ. ಒಂದು ಲಾರಿಗೆ ಮೂವತ್ತಡಿ ಜಾಗ ಅಂತ ಒಂದರ ಹಿಂದೆ ಒಂದು ಮುಟ್ಟಿಸಿ ನಿಲ್ಲಿಸಿದರೆ ಸುಮಾರು 285 ಕಿಲೋಮೀಟರು. ಹೊಸಪೇಟೆಯಿಂದ ಸಮುದ್ರದವರೆಗೆ ಹೆಚ್ಚುಕಡಿಮೆ ಇಡೀ ದಾರಿ. ಅಷ್ಟು ಮಾಲು ಸರ್ಕಾರದ ವಶದಿಂದ, ಸರ್ಕಾರದ ಬಂದರಿನಿಂದ, ಕಸ್ಟಮ್ಸಿನವರ ಕಣ್ಣೆದುರಿಗೆ ಹೋಯಿತು. ಜಪ್ತಿ ಮಾಡಿದ ಜಿಲ್ಲಾ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಹೊರಟರು. ಆ ಕಾಲದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2010ರ ಜೂನಿನಲ್ಲಿ ರಾಜೀನಾಮೆ ಬಿಸಾಕಿದ್ದಕ್ಕೆ ಇದೂ ಒಂದು ಕಾರಣ. ಆಮೇಲೆ ಜುಲೈನಲ್ಲಿ ವಾಪಸು ತೆಗೆದುಕೊಂಡರು, ಒಳ್ಳೆಯದೇ ಆಯಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕೂತು ಕಡತ ಕೆದಕದಿದ್ದರೆ 2011ರ ಜುಲೈ 27ರ ವರದಿ ಬರುತ್ತಿರಲಿಲ್ಲ.

ಆ ವರದಿ ಏನು ಹೇಳಿತು? 2006ರಿಂದ 2010ರವರೆಗೆ 2 ಕೋಟಿ 98 ಲಕ್ಷ ಟನ್ನು ಅದಿರು ಅಕ್ರಮವಾಗಿ ಹೊರದೇಶಕ್ಕೆ ಹೋಗಿದೆ, ಬೊಕ್ಕಸಕ್ಕೆ ನಷ್ಟ 16,085 ಕೋಟಿ ರೂಪಾಯಿ. ತಲಾ ಒಂದು ಲಕ್ಷ ರೂಪಾಯಿ ಸಾಲ ಇರುವ ಹದಿನಾರು ಲಕ್ಷ ರೈತರ ಸಾಲವನ್ನು ಆ ಹಣದಲ್ಲಿ ಒಂದೇ ಏಟಿಗೆ ತೀರಿಸಬಹುದಿತ್ತು. ಸಾಲ ಮನ್ನಾ ಅಂದ ಕೂಡಲೇ ಬೊಕ್ಕಸದಲ್ಲಿ ಹಣ ಎಲ್ಲಿದೆ ಅಂತ ಕೇಳುವ ಅರ್ಥಶಾಸ್ತ್ರದ ಪಂಡಿತರು ಈ ಲೆಕ್ಕ ನೋಡಿ ಬಾಯಿ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ.

ವರದಿಯಲ್ಲಿ ‘ಜೀರೋ ರಿಸ್ಕ್’ ಅಂತ ಒಂದು ಪದ ಬರುತ್ತದೆ. ಕಳ್ಳರು ತಮ್ಮ ವ್ಯವಸ್ಥೆಗೆ ತಾವೇ ಇಟ್ಟುಕೊಂಡ ಹೆಸರು. ಪಾಲು ಕೊಟ್ಟುಬಿಟ್ಟರೆ ಗಣಿಯಿಂದ ಬಂದರಿನವರೆಗೆ ಚೆಕ್‌ಪೋಸ್ಟು, ಆರ್‌ಟಿಓ, ಪೊಲೀಸು, ಅರಣ್ಯ ಯಾರೂ ಕೈ ಅಡ್ಡ ಹಾಕುವುದಿಲ್ಲ ಎಂಬ ಖಾತರಿ. ಬಿತ್ತುವವನಿಗೆ ಮಳೆಯ ರಿಸ್ಕು, ಹುಳದ ರಿಸ್ಕು, ಬೆಲೆಯ ರಿಸ್ಕು. ಕದಿಯುವವನಿಗೆ ಜೀರೋ!

ಇಲ್ಲಿಯವರೆಗೆ ಬಹಳ ಜನಕ್ಕೆ ಗೊತ್ತಿರುವ ಕಥೆ. ನಾನು ಗಮನ ಸೆಳೆಯುವುದು ಮುಂದಿನ ಭಾಗಕ್ಕೆ. ಬೇಲೇಕೇರಿಯ ದಕ್ಕೆ ಬಿಟ್ಟ ಕ್ಷಣಕ್ಕೆ ಆ ಅದಿರು ಏನಾಯಿತು? ಶುದ್ಧವಾಯಿತು. ಗಂಗೆಯಲ್ಲಿ ಮುಳುಗಿದವನ ಪಾಪ ಹೋದ ಹಾಗೆ. ಹಡಗಿನ ಬಿಲ್ಲು, ಬ್ಯಾಂಕಿನ ಹುಂಡಿ, ಗುಣಮಟ್ಟದ ಸರ್ಟಿಫಿಕೇಟು ಎಲ್ಲ ಉಂಟು. ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟು, ತೇವ ಎಷ್ಟು ಅಂತ ಬರೆದಿರುತ್ತದೆ. ಯಾವ ಸರ್ವೆ ನಂಬರಿನ ಗುಡ್ಡ ಅಂತ ಬರೆದಿರುವುದಿಲ್ಲ. ಆ ಕಡೆಯ ಉಕ್ಕಿನ ಕಾರ್ಖಾನೆ ತೇವ ಹೆಚ್ಚಿದ್ದರೆ ದುಡ್ಡು ಹಿಡಿಯುತ್ತದೆ, ಕಳ್ಳಮಾಲಾದರೆ ಹಿಡಿಯುವುದಿಲ್ಲ.

ದುಡ್ಡಿನದೂ ಅದೇ ಹಾದಿ. ಹೊರದೇಶದಲ್ಲಿ ಒಂದು ಕಂಪನಿ ಮಾಡಿಕೊಳ್ಳುವುದು. ಇಲ್ಲಿಂದ ಅದಕ್ಕೆ ಕಡಿಮೆ ಬೆಲೆಗೆ ಮಾರಿದ ಹಾಗೆ ಬಿಲ್ಲು. ಅದು ಚೀನಕ್ಕೆ ಪೂರ್ತಿ ಬೆಲೆಗೆ ಮಾರುವುದು. ನಡುವಿನ ಹಣ ಈ ದೇಶಕ್ಕೆ ಬರುವುದೇ ಇಲ್ಲ. ಇಂಥ ಕಡಿಮೆ ಬಿಲ್ಲಿನ ಆಟವನ್ನೂ ಲೋಕಾಯುಕ್ತ ವರದಿ ಎತ್ತಿ ತೋರಿಸಿದೆ. ಎಪಿಎಂಸಿಯಲ್ಲಿ ಕೆಲವು ದಲಾಲರು ಬಿಳಿ ಚೀಟಿ ಕೊಟ್ಟು ಸೆಸ್ಸು ತಪ್ಪಿಸುವುದಿಲ್ಲವೆ, ಅದೇ ವಿದ್ಯೆ, ಡಾಲರಿನಲ್ಲಿ. ಆ ಬ್ಯಾಂಕಿನ ಲೆಕ್ಕ ಬೇಕೆಂದರೆ ನಮ್ಮ ಕೋರ್ಟು ಪತ್ರ ಬರೆಯಬೇಕು, ಅದು ಎರಡು ಸರ್ಕಾರಗಳ ಮಂತ್ರಾಲಯ ಸುತ್ತಿ ಆ ದೇಶದ ಕೋರ್ಟಿಗೆ ಹೋಗಬೇಕು. ವರ್ಷಗಟ್ಟಲೆ ಕೆಲಸ. ಕಂಪನಿಯ ಬೋರ್ಡು ಬದಲಾಯಿಸಲು ಒಂದು ದಿನ ಸಾಕು.

ಹಾಗಾದರೆ ಪ್ರಪಂಚದವರು ಏನೂ ಮಾಡಿಲ್ಲವೆ? ಮಾಡಿದ್ದಾರೆ, ಸುಳ್ಳು ಹೇಳಬಾರದು. ಗಡಿ ದಾಟುವ ಸಂಘಟಿತ ಅಪರಾಧದ ವಿರುದ್ಧ ವಿಶ್ವಸಂಸ್ಥೆ 2000ದಲ್ಲಿ ಒಂದು ಒಪ್ಪಂದ ಮಾಡಿತು, ಇಟಲಿಯ ಪಲೆರ್ಮೊ ಊರಿನಲ್ಲಿ ಸಹಿಯಾಯಿತು. ಚೀನ 2003ರಲ್ಲಿ ಒಪ್ಪಿತು. ಭಾರತ ಒಪ್ಪಿದ್ದು 2011ರ ಮೇ ತಿಂಗಳಲ್ಲಿ, ಲೋಕಾಯುಕ್ತ ವರದಿ ಬರಲು ಎರಡೂವರೆ ತಿಂಗಳು ಇರುವಾಗ. ಒಬ್ಬರ ಪೊಲೀಸರಿಗೆ ಇನ್ನೊಬ್ಬರು ನೆರವಾಗಬೇಕು, ಆಸ್ತಿ ಹಿಡಿದುಕೊಡಬೇಕು ಅಂತ ಅದರಲ್ಲಿದೆ. ಆದರೆ ಒಂದು ಕೊಕ್ಕೆಯೂ ಇದೆ. ಆ ಒಪ್ಪಂದ ಹಿಡಿಯುವುದು ‘ಗಂಭೀರ’ ಅಪರಾಧಕ್ಕೆ ಮಾತ್ರ, ಗಂಭೀರ ಅಂದರೆ ಗರಿಷ್ಠ ಶಿಕ್ಷೆ ಕನಿಷ್ಠ ನಾಲ್ಕು ವರ್ಷ ಇರಬೇಕು. ಆಗ ನಮ್ಮ 1957ರ ಗಣಿ ಕಾಯ್ದೆಯಲ್ಲಿ ಅಕ್ರಮ ಗಣಿಗಾರಿಕೆಗೆ ಏನು ಶಿಕ್ಷೆ ಇತ್ತು? ಎರಡು ವರ್ಷ, ಇಲ್ಲವೆ 25,000 ರೂಪಾಯಿ ದಂಡ. ಅಂದರೆ ಸ್ವಾಮಿ, ಇಡೀ ಗುಡ್ಡ ಸಾಗಿಸುವುದು ನಮ್ಮದೇ ಗಣಿ ಕಾಯ್ದೆಯ ಪ್ರಕಾರ ಗಂಭೀರ ಅಪರಾಧವೇ ಆಗಿರಲಿಲ್ಲ! ಮೋಸ, ಕಳವು, ಫೋರ್ಜರಿ ಅಂತ ಬೇರೆ ಕಲಮುಗಳ ಬೆನ್ನು ಹತ್ತಬೇಕಾಯಿತು. ಐದು ವರ್ಷ ಜೈಲು, ಹೆಕ್ಟೇರಿಗೆ ಐದು ಲಕ್ಷದವರೆಗೆ ದಂಡ ಅಂತ ತಿದ್ದಿದ್ದು 2015ರಲ್ಲಿ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು.

ಮರದ ವಿಚಾರದಲ್ಲಿ ಬೇರೆಯವರು ಮುಂದೆ ಹೋಗಿದ್ದಾರೆ. ಅಮೆರಿಕದಲ್ಲಿ 1900ರಷ್ಟು ಹಳೆಯದಾದ ಲೇಸಿ ಕಾಯ್ದೆ ಅಂತ ಒಂದಿದೆ. ಮೊದಲು ಅದು ಕದ್ದು ಬೇಟೆಯಾಡಿದ ಪ್ರಾಣಿ ಪಕ್ಷಿಗಳ ಮಾರಾಟಕ್ಕೆ. 2008ರಲ್ಲಿ ಅದನ್ನು ಮರಕ್ಕೂ ಹಬ್ಬಿಸಿದರು. ಅದರ ತಿರುಳು ಕೇಳಿ: ಬೇರೆ ದೇಶದ ಕಾನೂನು ಮುರಿದು ಕಡಿದ ಮರವನ್ನು ಅಮೆರಿಕದಲ್ಲಿ ಕೊಂಡವನೂ ಅಪರಾಧಿ. ಲಂಬರ್ ಲಿಕ್ವಿಡೇಟರ್ಸ್ ಎಂಬ ದೊಡ್ಡ ಕಂಪನಿ ರಷ್ಯಾದ ಪೂರ್ವದ ಹುಲಿ ಕಾಡಿನಲ್ಲಿ ಕದ್ದು ಕಡಿದ ಓಕ್ ಮರವನ್ನು ಚೀನದಲ್ಲಿ ನೆಲದ ಹಲಗೆ ಮಾಡಿಸಿ ತರಿಸಿಕೊಂಡಿತ್ತು. ಮೂರು ದೇಶ, ಎರಡು ಗಡಿ. 2015ರಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು, ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೇಲೆ ದಂಡ ಮುಂತಾದ್ದು ಕಟ್ಟಿತು. ನೋಡಿ, ಎತ್ತು ಕೊಂಡವನ ಕೊಟ್ಟಿಗೆಗೇ ಪೊಲೀಸರು ಹೋದರು. ಯುರೋಪಿನವರೂ 2013ರಿಂದ ಮರಕ್ಕೆ ಇಂಥದೇ ಕಾನೂನು ಜಾರಿಗೆ ತಂದರು. ಚೀನವೂ ತನ್ನ ಅರಣ್ಯ ಕಾಯ್ದೆ ತಿದ್ದಿ, ಕದ್ದು ಕಡಿದ ಮರವೆಂದು ಗೊತ್ತಿದ್ದೂ ಕೊಳ್ಳಬಾರದು ಅಂತ 2020ರ ಜುಲೈನಿಂದ ಜಾರಿ ಮಾಡಿತು.

ಮರಕ್ಕೆ ಆದದ್ದು ಅದಿರಿಗೆ ಯಾಕೆ ಆಗಬಾರದು? ಮರ ಕಡಿದರೆ ನೂರು ವರ್ಷಕ್ಕಾದರೂ ಇನ್ನೊಂದು ಬೆಳೆದೀತು. ಗುಡ್ಡ ಬೆಳೆಯುವುದುಂಟೆ?

ಇನ್ನೊಂದು ಹಳೇ ಕಥೆ ಹೇಳಿಬಿಡುತ್ತೇನೆ, ನಮ್ಮ ಪಟ್ಟಾ ಜಮೀನಿನ ರೈತನಿಗೆ ಇದು ಅಣ್ಣನ ಕಥೆ. ನೈಜೀರಿಯಾ ದೇಶದ ಕೊಕೊ ಎಂಬ ಸಣ್ಣ ಬಂದರಿನಲ್ಲಿ ಒಬ್ಬ ಬಡವನ ಹಿತ್ತಲನ್ನು ತಿಂಗಳಿಗೆ ಸುಮಾರು ನೂರು ಡಾಲರು ಬಾಡಿಗೆಗೆ ಹಿಡಿದು, ಇಟಲಿಯಿಂದ ಬಂದ ಸಾವಿರಾರು ಪೀಪಾಯಿ ವಿಷದ ಕಸವನ್ನು ಅಲ್ಲಿ ಇಳಿಸಿದ್ದರು. 1988ರಲ್ಲಿ ಅದು ಬಯಲಿಗೆ ಬಂತು. ನೈಜೀರಿಯಾ ಸುಮ್ಮನೆ ಕೂರಲಿಲ್ಲ. ಇಟಲಿಯ ಹಡಗನ್ನೇ ಹಿಡಿದಿಟ್ಟಿತು, ತನ್ನ ರಾಯಭಾರಿಯನ್ನು ಕರೆಸಿಕೊಂಡಿತು, ಕಸವನ್ನು ವಾಪಸು ಹೊರಿಸಿತು, ಇಂಥ ಕಸ ತರುವವರಿಗೆ ಜೀವಾವಧಿ ಶಿಕ್ಷೆಯ ಕಾನೂನು ಮಾಡಿತು. ಮರುವರ್ಷ, 1989ರಲ್ಲಿ, ವಿಷದ ಕಸ ಗಡಿ ದಾಟಿಸುವ ವಿರುದ್ಧ ಬಾಸೆಲ್ ಒಪ್ಪಂದವಾಗುವುದಕ್ಕೆ ಆ ಗಲಾಟೆಯೂ ಒಂದು ಕಾರಣ. ಬಡ ದೇಶವೊಂದು ಗಟ್ಟಿಯಾಗಿ ಕೂಗಿದರೆ ಪ್ರಪಂಚ ತಿರುಗಿ ನೋಡುತ್ತದೆ. ನಾವು ಎಂದು ಕೂಗಿದ್ದೇವೆ? 2 ಕೋಟಿ 98 ಲಕ್ಷ ಟನ್ನು ಹೋದದ್ದಕ್ಕೆ ದೆಹಲಿಯವರು ಪೇಕಿಂಗಿಗೆ ‘ನಿಮ್ಮ ಕಾರ್ಖಾನೆಯಲ್ಲಿ ನಮ್ಮ ಕಳವಿನ ಮಾಲಿದೆ’ ಅಂತ ಗಟ್ಟಿಯಾಗಿ ಹೇಳಿದ್ದನ್ನು ಯಾರಾದರೂ ಓದಿದ್ದರೆ ನನಗೂ ತಿಳಿಸಿ.

ಗಡಿ ದಾಟುವ ಪರಿಸರ ಅಪರಾಧದ ವಹಿವಾಟು ವರ್ಷಕ್ಕೆ 9,100 ಕೋಟಿ ಡಾಲರಿನಿಂದ 25,800 ಕೋಟಿ ಡಾಲರಿನವರೆಗೆ ಇದ್ದೀತು ಅಂತ 2016ರಲ್ಲಿ ಇಂಟರ್‌ಪೋಲಿನವರೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರೂ ಅಂದಾಜು ಮಾಡಿದ್ದರು. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ದೂರ ಇದೆ ಅಂದರೆ ಲೆಕ್ಕ ಇಟ್ಟವರೇ ಇಲ್ಲ ಅಂತ ತಾನೆ ಅರ್ಥ. ನಮ್ಮ ಸೊಸೈಟಿ ಸಾಲಕ್ಕೆ ಪೈಸೆವರೆಗೂ ಬಡ್ಡಿ ಕೂಡಿಸಿ ನೋಟೀಸು ಬರುತ್ತದೆ.

ಶಿಕ್ಷೆಯ ಮಾತು. ಬೇಲೇಕೇರಿ ಪ್ರಕರಣದ ತನಿಖೆಯನ್ನು 2012ರಲ್ಲಿ ಸುಪ್ರೀಂ ಕೋರ್ಟು ಸಿಬಿಐಗೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್, ಬಂದರಿನ ಅಧಿಕಾರಿ ಮುಂತಾದವರನ್ನು ಅಪರಾಧಿಗಳೆಂದು ತೀರ್ಮಾನಿಸಿ ಏಳು ವರ್ಷದ ಶಿಕ್ಷೆ ಕೊಟ್ಟಿತು. ನವೆಂಬರಿನಲ್ಲಿ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ ಗಾಲಿ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷ ಕೊಟ್ಟಿತು. ಜೂನಿನಲ್ಲಿ ತೆಲಂಗಾಣ ಹೈಕೋರ್ಟು ಅದನ್ನೂ ಅಮಾನತಿನಲ್ಲಿಟ್ಟಿತು. ಅಪೀಲು ಹೋಗುವುದು ಎಲ್ಲರ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ಕಳವಿನ ಮಾಲು ಹಡಗು ಹತ್ತಿ ತೀರ್ಪು ಬರಲು ಹದಿನಾಲ್ಕು ವರ್ಷ ಹಿಡಿಯಿತಲ್ಲ, ತಕರಾರು ಅದಕ್ಕೆ. ಕಂತು ತಪ್ಪಿದ ಟ್ರ್ಯಾಕ್ಟರು ಎಳೆದುಕೊಂಡು ಹೋಗಲು ಹದಿನಾಲ್ಕು ವಾರ ಸಹ ಬೇಡ.

1980ರ ದಶಕದಲ್ಲಿ ನಮ್ಮ ಹಳ್ಳಿಗಳ ಬಾಗಿಲಿಗೆ ಬೋರ್ಡು ಹಾಕಿದ್ದು ಹಿರಿಯರಿಗೆ ನೆನಪಿದೆ. ವಸೂಲಿ ಅಧಿಕಾರಿ ಊರವರ ಅಪ್ಪಣೆ ಇಲ್ಲದೆ ಒಳಗೆ ಬರಬಾರದು ಅಂತ. ರೈತ ಸಾಲಗಾರನಲ್ಲ, ಬೆಲೆಯಲ್ಲಿ ಕತ್ತರಿಸಿದ ಹಣಕ್ಕೆ ಸರ್ಕಾರವೇ ರೈತನಿಗೆ ಬಾಕಿದಾರ ಎಂದು ಆಗ ಲೆಕ್ಕ ಮಾಡಿ ತೋರಿಸಿದೆವು. ಆ ಬಾಕಿ ಲೆಕ್ಕದ ಪುಸ್ತಕದಲ್ಲಿ ಈ ಗುಡ್ಡದ ಪುಟವನ್ನೂ ಸೇರಿಸಬೇಕು.

ಈಗ ಕೈಯಲ್ಲಿ ಇರುವುದೇನು? ಧಾರವಾಡ ಕಡೆಯ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು 2013ರ ಏಪ್ರಿಲಿನಲ್ಲಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿತು. ಅತಿ ಹೆಚ್ಚು ಅಕ್ರಮ ಮಾಡಿದ ಸಿ ವರ್ಗದ ಲೀಸು ರದ್ದು. ಬಿ ವರ್ಗದವರು ಅಕ್ರಮವಾಗಿ ಅಗೆದ ಗುಂಡಿಗೆ ಹೆಕ್ಟೇರಿಗೆ ಐದು ಕೋಟಿ, ಅಕ್ರಮವಾಗಿ ಮಣ್ಣು ಸುರಿದ ಜಾಗಕ್ಕೆ ಒಂದು ಕೋಟಿ ಕಟ್ಟಬೇಕು. ಅದಿರು ಮಾರಿದ ಹಣದಲ್ಲೂ ಒಂದು ಪಾಲು ಕತ್ತರಿಸಿ ಇಡಬೇಕು. ಹೀಗೆ ಕೂಡಿದ ಹಣ ಬಡ್ಡಿ ಸೇರಿ ಇಪ್ಪತ್ತು ಸಾವಿರ ಕೋಟಿಯನ್ನೂ ದಾಟಿತು. ಅದನ್ನು ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ 2014ರಲ್ಲಿ ಮಾಡಿದರು. ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಎಂಟು ವರ್ಷ ಹಣ ಬ್ಯಾಂಕಿನಲ್ಲಿ ಮರಿ ಹಾಕಿತು, ಹೊಲದ ಗುಂಡಿಯಲ್ಲಿ ನೀರು ನಿಂತು ಸೊಳ್ಳೆ ಮರಿ ಹಾಕಿತು.

ಆ ಹಣ ರೈಲು ದಾರಿ, ಆಸ್ಪತ್ರೆ, ಕುಡಿಯುವ ನೀರು ಅಂತ ಹೋಗುತ್ತದೆ, ಬೇಡ ಅನ್ನುವವರು ಯಾರು. ಆದರೆ ಮೇಲ್ಮಣ್ಣು ಕಳೆದುಕೊಂಡ ಹೊಲಕ್ಕೆ ಮಣ್ಣು ತಂದು ಹಾಕುವುದು ಮೊದಲು ಆಗಬೇಕು. ನಾರಿಹಳ್ಳದ ಹೂಳು, ಊರ ಕೆರೆಗಳ ಹೂಳು ತೆಗೆದು ಅದೇ ಹೊಲಗಳಿಗೆ ಹರಡಬಹುದೋ ಇಲ್ಲವೋ ಕೃಷಿ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಹೇಳಲಿ, ಗಣಿ ಹೂಳನ್ನು ಕಣ್ಣು ಮುಚ್ಚಿ ಸುರಿದರೆ ಇದ್ದ ಹೊಲವೂ ಕೆಟ್ಟೀತು. ಹೊಲ ಸರಿಯಾಗುವವರೆಗೆ ಆ ಸರ್ವೆ ನಂಬರಿನ ಮೇಲಿನ ಬೆಳೆ ಸಾಲಕ್ಕೆ ಬಡ್ಡಿ ನಿಲ್ಲಬೇಕು. ಇವನ್ನು ಕೇಳಲು ಆ ನಿಗಮದ ಮೇಜಿನ ಸುತ್ತ ಒಬ್ಬ ರೈತನಾದರೂ ಕೂತಿರಬೇಕಲ್ಲ.

ಇನ್ನೊಂದು ಎಚ್ಚರಿಕೆ. 2022ರ ಮೇ 20ರಂದು ಸುಪ್ರೀಂ ಕೋರ್ಟು ಈ ಮೂರು ಜಿಲ್ಲೆಗಳ ಅದಿರು ರಫ್ತಿಗೆ ಇದ್ದ ನಿಷೇಧ ತೆಗೆಯಿತು, ಹರಾಜಿನಲ್ಲೇ ಮಾರಬೇಕೆಂಬ ಕಟ್ಟೂ ಹೋಯಿತು. ಅದೇ ಆಗಸ್ಟಿನಲ್ಲಿ ವರ್ಷಕ್ಕೆ ಅಗೆಯುವ ಮಿತಿ ಮೂರೂವರೆ ಕೋಟಿ ಟನ್ನಿನಿಂದ ಐದು ಕೋಟಿ ಟನ್ನಿಗೆ ಏರಿತು. ಕಾನೂನುಬದ್ಧ ಗಣಿಗೆ ನಾನು ವಿರೋಧಿಯಲ್ಲ, ನಮ್ಮ ನೇಗಿಲ ಕುಳವೂ ಅದಿರಿನಿಂದಲೇ ಬಂದದ್ದು. ಆದರೆ ಬಂದರಿನ ಬಾಗಿಲು ಮತ್ತೆ ತೆರೆದಿದೆ, ಕೊಳ್ಳುವವನನ್ನು ಹಿಡಿಯುವ ಕಾನೂನು ಮಾತ್ರ ಇನ್ನೂ ಹುಟ್ಟಿಲ್ಲ. ಪ್ರತಿ ಹಡಗಿನ ಕಾಗದದ ಜೊತೆ ಗಣಿಯ ಲೀಸು ನಂಬರು, ಪರ್ಮಿಟ್ಟು ನಂಬರು ಹೋಗಬೇಕು, ಅದಿಲ್ಲದ ಮಾಲು ಇಳಿಸಿಕೊಂಡವನ ಮೇಲೆ ಅವನ ದೇಶದಲ್ಲೇ ಕೇಸಾಗಬೇಕು ಅಂತ ಭಾರತ ಸರ್ಕಾರ ವ್ಯಾಪಾರದ ಒಪ್ಪಂದಗಳಲ್ಲಿ ಹಟ ಹಿಡಿಯಲಿ. ಲೋಕಸಭೆಗೆ ನಮ್ಮ ಓಟು ಕೇಳಲು ಬಂದವರ ಮುಂದೆ ಈ ಪ್ರಶ್ನೆ ಇಡುವುದಕ್ಕೆ ಇಂಗ್ಲಿಷು ಬರಬೇಕಾಗಿಲ್ಲ.

ಅಲ್ಲಿಯವರೆಗೆ ಊರಲ್ಲಿ ಮಾಡುವ ಕೆಲಸ ಒಂದಿದೆ. ನಾಲ್ಕು ಜಿಲ್ಲೆಗಳ ನಮ್ಮ ಘಟಕಗಳು ತಮ್ಮ ತಮ್ಮ ಗ್ರಾಮಸಭೆಯಲ್ಲಿ ಅಗೆದು ಬಿಟ್ಟ ಪಟ್ಟಾ ಜಮೀನುಗಳ ಪಟ್ಟಿ ಮಾಡಿ ನಿರ್ಣಯ ಬರೆಸಲಿ. ಸರ್ವೆ ನಂಬರು, ಎಕರೆ ಗುಂಟೆ, ಗುಂಡಿ ಎಷ್ಟು ಆಳ, ಯಾವ ವರ್ಷ ಅಗೆದರು, ಸಾಲ ಯಾವ ಬ್ಯಾಂಕಿನಲ್ಲಿ ಎಷ್ಟು. ಒಂದು ಪ್ರತಿ ನಿಗಮಕ್ಕೆ, ಒಂದು ಜಿಲ್ಲಾಧಿಕಾರಿಗೆ, ಸ್ವೀಕೃತಿ ಪಡೆಯದೆ ಬರಬೇಡಿ. ಹೋಗುವ ಮೊದಲು ಪಹಣಿ ತೆಗೆಸಿ ಬೆಳೆಯ ಕಾಲಂ ನೋಡಿಕೊಳ್ಳಿ. ಆಳು ಮುಳುಗುವ ಗುಂಡಿಯಲ್ಲಿ ಇನ್ನೂ ಶೇಂಗಾ ಬೆಳೆಯುತ್ತಿದೆ ಅಂತ ಬರೆದಿದ್ದರೆ ಅದನ್ನು ಮೊದಲು ತಿದ್ದಿಸಿ, ಇಲ್ಲದಿದ್ದರೆ ನಿಮ್ಮ ಅರ್ಜಿಯನ್ನು ಅದೇ ಕಾಗದ ತೋರಿಸಿ ವಾಪಸು ಕಳಿಸುತ್ತಾರೆ.